ದೂರು ಸಾಬೀತಾಗದಿದ್ದರೆ ದೂರು ಕೊಟ್ಟವಳಿಗೇ ಶಿಕ್ಷೆಯಾ?

ಪ್ರಶ್ನೆ: ಮೇಡಂ, ನಮ್ಮ ಮ್ಯಾನೇಜರ್ ಮೇಲೆ ಲೈಂಗಿಕ ಕಿರುಕುಳದ ದೂರು ಕೊಡಬೇಕು ಅಂತಿದ್ದೇನೆ. ನನ್ನ ಹತ್ತಿರ ಸಾಕ್ಷಿ ಇಲ್ಲ. ಸಾಬೀತಾಗದಿದ್ದರೆ ನನ್ನನ್ನೇ ಕೆಲಸದಿಂದ ತೆಗೀತಾರಂತೆ, ಹೌದಾ?

ಇಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಕೇಳುವವರ ಮೇಲೆ ನನಗೆ ಬೇಸರವಿಲ್ಲ, ಹೀಗೆ ಹೆದರಿಸಿ ಕಳಿಸುವವರ ಮೇಲೆ ಸಿಟ್ಟಿದೆ.

ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ, ಆಫೀಸುಗಳಲ್ಲಿ ‘ಪೋಶ್’ ಅಂತ ಕರೆಯುವ 2013ರ ಕಾಯ್ದೆಯ 14ನೇ ಸೆಕ್ಷನ್ ಈ ಹೆದರಿಕೆಯ ಮೂಲ. ಸುಳ್ಳು ಅಂತ ಗೊತ್ತಿದ್ದೂ ದೂರು ಕೊಟ್ಟರೆ, ದುರುದ್ದೇಶದಿಂದ ಕೊಟ್ಟರೆ, ನಕಲಿ ದಾಖಲೆ ತಂದರೆ ಕ್ರಮ ಕೈಗೊಳ್ಳಬಹುದು ಅಂತ ಅಲ್ಲಿದೆ. ಎಚ್‌ಆರ್‌ನವರು ಓದಿ ಹೇಳುವುದು ಇಷ್ಟೇ. ಅದೇ ಸೆಕ್ಷನ್‌ನಲ್ಲಿ ಮುಂದೆ ಏನಿದೆ ಗೊತ್ತಾ? ದೂರನ್ನು ಸಾಬೀತು ಮಾಡಲು ಆಗಲಿಲ್ಲ, ಸಾಕಷ್ಟು ಪುರಾವೆ ಕೊಡಲಿಲ್ಲ ಅನ್ನುವುದೊಂದೇ ಕಾರಣಕ್ಕೆ ದೂರುದಾರಳ ಮೇಲೆ ಕ್ರಮ ಕೈಗೊಳ್ಳುವ ಹಾಗಿಲ್ಲ. ದುರುದ್ದೇಶ ಇತ್ತು ಅನ್ನುವುದನ್ನೂ ಬೇರೆಯಾಗಿ ವಿಚಾರಣೆ ಮಾಡಿ ತೋರಿಸಬೇಕು. ಸಾಬೀತಾಗದ ದೂರು ಬೇರೆ, ಸುಳ್ಳು ದೂರು ಬೇರೆ.

ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲಿ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಕಣ್ಣಾರೆ ಕಂಡವರು ಇಲ್ಲದಿದ್ದರೂ, ಇಂಥ ದೂರು ವಿಚಾರಿಸುವ ಆಫೀಸಿನ ಆಂತರಿಕ ಸಮಿತಿ ನಿಮ್ಮ ಮಾತನ್ನು ತೂಗಿ ನೋಡಬಹುದು. ವಾಟ್ಸಾಪ್ ಮೆಸೇಜು, ಅವತ್ತೇ ನೀವು ಹೇಳಿಕೊಂಡ ಸಹೋದ್ಯೋಗಿ, ಶಿಫ್ಟ್ ದಾಖಲೆ, ಇವೆಲ್ಲ ಪುರಾವೆಯೇ. ‘ದೂರು ಕೊಟ್ಟರೆ ಕೆಲಸ ಹೋಗುತ್ತೆ’ ಅನ್ನುವ ಬೆದರಿಕೆ ಆ ಕಿರುಕುಳಕ್ಕೆ ಸೇರಿಕೊಂಡೇ ಬಂದಿದ್ದರೆ, 3ನೇ ಸೆಕ್ಷನ್ ಪ್ರಕಾರ ಅದೂ ಕಿರುಕುಳದ ಭಾಗ. ಅದನ್ನೂ ದೂರಿನಲ್ಲಿ ಬರೆಯಿರಿ.

ಹಾಗಂತ ಯಾರೂ ಸೇಡು ತೀರಿಸಿಕೊಳ್ಳುವುದಿಲ್ಲ ಅಂತ ನಾನು ಹೇಳಲಾರೆ. ಸಾಮಾನ್ಯವಾಗಿ ಅದು ಅಪ್ರೈಸಲ್‌ನಲ್ಲಿ ಕಾಣಿಸುತ್ತದೆ. ಅದಕ್ಕೇ ವಿಚಾರಣೆ ನಡೆಯುವಾಗಲೇ ಲಿಖಿತವಾಗಿ ಕೇಳಿ. ಆತ ನಿಮ್ಮ ಕೆಲಸದ ವರದಿ ಬರೆಯದಂತೆ, ನಿಮ್ಮನ್ನೋ ಆತನನ್ನೋ ವರ್ಗ ಮಾಡುವಂತೆ, ನಿಮಗೆ 3 ತಿಂಗಳವರೆಗೆ ಹೆಚ್ಚುವರಿ ರಜೆ ಕೊಡುವಂತೆ ಸಮಿತಿ ಶಿಫಾರಸು ಮಾಡಬಹುದು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ದೂರು ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನರಿರುವ ಜಾಗವಾದರೆ, ಅಥವಾ ದೂರು ಮಾಲೀಕನ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ.

ಇದನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ‘ಅಕೌಂಟೆಂಟ್ ಬೇಕಾಗಿದ್ದಾರೆ, ಗಂಡಸರು ಮಾತ್ರ’ ಅನ್ನುವ ಜಾಹೀರಾತನ್ನು ನಾವೆಲ್ಲ ಸುಮ್ನೆ ನೋಡಿಕೊಂಡು ಹೋಗುತ್ತೇವೆ, ಅಲ್ವಾ? ಒಂದೇ ಬಗೆಯ ಕೆಲಸಕ್ಕೆ ನೇಮಿಸಿಕೊಳ್ಳುವಾಗ ಹೆಂಗಸರಿಗೆ ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಈಗ ಅದರ ಜಾಗಕ್ಕೆ ಬಂದ ವೇತನ ಸಂಹಿತೆಯ 3ನೇ ಸೆಕ್ಷನ್ ಲಿಂಗದ ಆಧಾರದ ಭೇದವನ್ನೇ ತಡೆಯುತ್ತದೆ. ಕಾನೂನೇ ಹೆಂಗಸರಿಗೆ ನಿರ್ಬಂಧ ಹಾಕಿದ ಕೆಲಸಕ್ಕೆ ಮಾತ್ರ ವಿನಾಯಿತಿ.

‘ಮದುವೆಯಾಗಿರಬಾರದು’ ಅನ್ನುವ ಷರತ್ತಿಗೆ ಹಳೇ ಇತಿಹಾಸವಿದೆ. ವಿದೇಶಾಂಗ ಸೇವೆಯ ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕಿತ್ತು. ಕೊಡಗಿನ ಸಿ.ಬಿ. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಖಂಡಿಸಿದರು. ಅದು ಸರ್ಕಾರಿ ನೌಕರಿಯ ಮಾತು. ಖಾಸಗಿ ಕಂಪನಿಗಳ ಮಟ್ಟಿಗೆ ವೇತನ ಸಂಹಿತೆಯಲ್ಲಿ ಮದುವೆ ಅನ್ನುವ ಪದವೇ ಇಲ್ಲ. ಆದರೆ ಷರತ್ತನ್ನು ಹೆಂಗಸರಿಗೆ ಮಾತ್ರ ಹಾಕಿದರೆ ಅದು ಲಿಂಗದ ಭೇದವೇ ಅಂತ ವಾದಿಸಲು ದಾರಿಯಿದೆ. ಅಂಥ ಜಾಹೀರಾತು ಕಂಡರೆ ತಾರೀಖು ಕಾಣುವಂತೆ ಫೋಟೊ ತೆಗೆದು, ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.