ಪಲೆಂಬಾಂಗಿನ ತೂತುಗಾಸು

ಸುಮಾತ್ರಾ ದ್ವೀಪದ ಮೂಸಿ ನದಿಯ ದಂಡೆಯಿಂದ ಆಳುತ್ತಿದ್ದ ಪಲೆಂಬಾಂಗ್ ಸುಲ್ತಾನರ ಕಾಲದಲ್ಲಿ ಪೇಟೆಯ ಚಿಲ್ಲರೆ ವ್ಯವಹಾರ ನಡೆಯುತ್ತಿದ್ದದ್ದು ‘ಪಿತಿಸ್’ ಎಂಬ ತವರದ ಕಾಸುಗಳಲ್ಲಿ. ನಡುವೆ ತೂತಿದ್ದು ತೆಳ್ಳನೆಯ ಬಳೆಯಂತೆ ಕಾಣುತ್ತಿದ್ದ ಕಾಸಿಗೆ ‘ತೆಬೊ’ ಎಂದೂ ತೂತಿಲ್ಲದ್ದಕ್ಕೆ ‘ಬುಂತು’, ಅಂದರೆ ಮುಚ್ಚಿಹೋದದ್ದು, ಎಂದೂ ಹೆಸರಿತ್ತು. ಕಾಸಿಗೆ ತೂತಿರುವುದೇ ಸಹಜವೆಂದು ಬಗೆದ ಜನರಷ್ಟೇ ತೂತಿಲ್ಲದ ಕಾಸನ್ನು ಹಾಗೆ ಕರೆದಾರು.

ಲೋಹ ಹತ್ತಿರದ್ದೇ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸುಲ್ತಾನರ ಅಧೀನದ ಬಂಕಾ ದ್ವೀಪದಲ್ಲಿ ತವರದ ಗಣಿಗಾರಿಕೆ ಬೆಳೆಯಿತು. 1722ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆ ತವರಕ್ಕಾಗಿ ಒಪ್ಪಂದ ಮಾಡಿಕೊಂಡಿತು. ಅದಿರು ಮರಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ನೀರಿನಲ್ಲಿ ಜಾಲಿಸಿದರೆ ತಳದಲ್ಲಿ ಉಳಿಯುತ್ತದೆ. ಇದ್ದಲಿನೊಡನೆ ಕಾಸಿದರೆ ಇದ್ದಲಿನ ಇಂಗಾಲವು ಅದರ ಆಕ್ಸಿಜನ್ ಅನ್ನು ಎಳೆದುಕೊಂಡು ತವರವನ್ನು ಬಿಟ್ಟುಕೊಡುತ್ತದೆ. (ನಮ್ಮ ತಾಮ್ರದ ಪಾತ್ರೆಗಳಿಗೆ ಹಾಕುವ ‘ಕಲಾಯಿ’ ಅರಬ್ಬಿ ಮೂಲದ ಪದ, ಅದು ಮಲಯ ಕರಾವಳಿಯ ಕಲಾಹ್ ಎಂಬ ಬಂದರಿನ ಹೆಸರಿನಿಂದ ಬಂದಿತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ.)

ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ತಾಮ್ರಕ್ಕೆ 1,085 ಬೇಕು. ತವರಕ್ಕೆ ತಕ್ಕ ಪ್ರಮಾಣದಲ್ಲಿ ಸೀಸ ಬೆರೆಸಿದರೆ ಆ ಮಿಶ್ರಣ 183 ಡಿಗ್ರಿಯಲ್ಲೇ ನೀರಾಗುತ್ತದೆ. ಆದ್ದರಿಂದ ಇಂಥ ಕಾಸನ್ನು ಸುತ್ತಿಗೆಯಿಂದ ಅಚ್ಚೊತ್ತುವ ಬದಲು ಎರಕ ಹೊಯ್ಯುವುದೇ ಸುಲಭವಾಗಿತ್ತು. ಮಲಯ ಪರ್ಯಾಯದ್ವೀಪದ ಕೆಲಾಂತಾನ್‌ನಲ್ಲಿ ಹೀಗೆ ಹೊಯ್ದ ಪಿತಿಸ್‌ಗಳು ಲೋಹ ಹರಿದ ಕಾಲುವೆಯೇ ಕಾಂಡವಾಗಿ, ಕಾಸುಗಳೇ ಎಲೆಗಳಾಗಿ ಅಚ್ಚಿನಿಂದ ಹೊರಬರುತ್ತಿದ್ದವು. ಅದನ್ನು ‘ಪಿತಿಸ್ ಮರ’ ಎಂದೇ ಕರೆದರು. ಬೇಕಾದಾಗ ಮುರಿದುಕೊಳ್ಳಬಹುದಾದ ಹಣ!

ತೂತು ಲೋಹದ ಉಳಿತಾಯಕ್ಕಾಗಿ ಎಂದು ಮೊದಲು ತೋರಬಹುದು. ಲೆಕ್ಕ ಹಾಕಿದರೆ ಆ ವಾದ ನಿಲ್ಲುವುದು ಕಷ್ಟ: ತೂತಿನ ವ್ಯಾಸ ಕಾಸಿನ ವ್ಯಾಸದ ಅರ್ಧದಷ್ಟಿದ್ದರೂ ಮಿಗುವ ಲೋಹ ಕಾಲುಭಾಗ ಮಾತ್ರ. ನಿಜವಾದ ಲಾಭ ಎಣಿಕೆಯದು. ಒಂದೊಂದು ಕಾಸಿನ ಬೆಲೆ ತೀರ ಕಡಿಮೆಯಿದ್ದುದರಿಂದ ಸಣ್ಣ ಖರೀದಿಗೂ ರಾಶಿ ಕಾಸು ಬೇಕಾಗುತ್ತಿತ್ತು. ದಾರದಲ್ಲಿ ಪೋಣಿಸಿದ ಸರವನ್ನು ಒಮ್ಮೆ ಎಣಿಸಿಟ್ಟರೆ ಮುಂದೆ ಸರಗಳನ್ನಷ್ಟೇ ಎಣಿಸಬಹುದು. ಈ ಜಾಣ್ಮೆ ಚೀನಾದ ಚೌಕ ತೂತಿನ ಕಾಸುಗಳಿಂದ ಬಂದದ್ದು.

ತವರಕ್ಕೊಂದು ರೋಗವಿದೆ. 13 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ದೀರ್ಘಕಾಲವಿದ್ದರೆ ಅದರ ಸ್ಫಟಿಕರಚನೆ ಬದಲಾಗಿ, ಹೊಳೆಯುವ ಲೋಹ ಬೂದುಬಣ್ಣದ ಪುಡಿಯಾಗುತ್ತದೆ. ಸಮಭಾಜಕದ ಸಮೀಪದ ಪಲೆಂಬಾಂಗಿನಲ್ಲಿ ಅಂಥ ಚಳಿಯಿಲ್ಲ. ಮೂಸಿಯ ಕೆಸರಿನಿಂದ ಮುಳುಗುಗಾರರು ಈಗಲೂ ಪಿತಿಸ್‌ಗಳನ್ನು ಹೆಕ್ಕಿ ತರುತ್ತಾರೆ.