ಸಾಂಸ್ಥಿಕ ತಾಟಸ್ಥ್ಯ: ಕುಲಪತಿ ಯಾವಾಗ ಮಾತಾಡಬೇಕು?

ಅಮೆರಿಕದ ವಿಶ್ವವಿದ್ಯಾಲಯದ ‘ಪ್ರೆಸಿಡೆಂಟ್’ ಹುದ್ದೆ ಹೆಚ್ಚುಕಡಿಮೆ ನಮ್ಮ ಕುಲಪತಿಯದು. ರಾಜ್ಯಪಾಲರು ಕೂರುವ ಕುಲಾಧಿಪತಿ ಪೀಠವಲ್ಲ. ಯುದ್ಧ, ಚುನಾವಣೆ, ಕೋರ್ಟ್ ತೀರ್ಪುಗಳ ವಿಷಯದಲ್ಲಿ ಆ ಹುದ್ದೆಯವರು ಸಂಸ್ಥೆಯ ಹೆಸರಲ್ಲಿ ಪಕ್ಷ ವಹಿಸಬಾರದೆಂಬ ನಿಯಮವೇ ಸಾಂಸ್ಥಿಕ ತಾಟಸ್ಥ್ಯ.

ಇದರ ಮೂಲ, ಶಿಕಾಗೊ ವಿಶ್ವವಿದ್ಯಾಲಯದ 1967ರ ಕಾಲ್ವೆನ್ ವರದಿ. ವಿಯೆಟ್ನಾಂ ಯುದ್ಧದ ಕಾವಿನಲ್ಲಿ ಕಾನೂನು ಪ್ರಾಧ್ಯಾಪಕ ಹ್ಯಾರಿ ಕಾಲ್ವೆನ್ ಅಧ್ಯಕ್ಷತೆಯ ಸಮಿತಿ ಬರೆದದ್ದು, ಕೆಲವೇ ಪುಟ. ಅದರ ವಾದ ಇಷ್ಟು: ಟೀಕಿಸುವವರು ಅಧ್ಯಾಪಕರು, ವಿದ್ಯಾರ್ಥಿಗಳು, ವಿಶ್ವವಿದ್ಯಾಲಯ ಅವರಿಗೆ ಆಸರೆಯೇ ಹೊರತು ತಾನೇ ಟೀಕಾಕಾರನಲ್ಲ. ಸಂಸ್ಥೆ ಒಂದು ನಿಲುವು ತಳೆದರೆ, ಒಪ್ಪದವರು ತಮ್ಮ ಮನೆಯಲ್ಲೇ ಪರಕೀಯರಾಗುತ್ತಾರೆ.

ತಟದಲ್ಲಿ ನಿಂತವನು ತಟಸ್ಥ. ನೀರು ತಟಕ್ಕೇ ನುಗ್ಗಿದರೆ? ಅದನ್ನೂ ವರದಿ ಯೋಚಿಸಿದೆ. ಮುಕ್ತ ಜಿಜ್ಞಾಸೆಗೇ, ಅಂದರೆ ವಿಶ್ವವಿದ್ಯಾಲಯದ ಕಸುಬಿಗೇ ಕುತ್ತು ಬಂದಾಗ ವಿರೋಧಿಸುವುದು ಅದರ ಕರ್ತವ್ಯ. ಆಸ್ತಿ, ದೇಣಿಗೆ, ಗೌರವ ಪದವಿಯಂಥ ಸ್ವಂತ ವ್ಯವಹಾರಗಳಲ್ಲೂ ಅಪರೂಪಕ್ಕೆ ಮೌಲ್ಯದ ಪ್ರಶ್ನೆ ಎತ್ತಬೇಕಾಗಬಹುದು. ಈ ಎರಡನೆಯ ಬಾಗಿಲನ್ನು ಎಷ್ಟು ತೆರೆಯಬೇಕೆಂಬ ಜಗಳ ಇಂದಿಗೂ ಮುಗಿದಿಲ್ಲ. 2007ರಲ್ಲಿ, ಸುಡಾನ್‌ನ ದಾರ್ಫುರ್ ಪ್ರಾಂತ್ಯದ ನರಮೇಧದ ವಿಚಾರವಾಗಿ, ಆ ದೇಶದಲ್ಲಿ ವ್ಯವಹರಿಸುವ ಕಂಪನಿಗಳಿಂದ ಹೂಡಿಕೆ ಹಿಂಪಡೆಯಲು ಶಿಕಾಗೊ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಆ ಬಾಗಿಲು ಇರುವುದೇ ಇಂಥದ್ದಕ್ಕಲ್ಲವೇ ಎಂದು ಕೇಳುವವರಿಗೆ ಅದು ಬರೀ ಹಠ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕೆಡುವುದು ಸಾಮಾನ್ಯವಾಗಿ ಮೊದಲ ಹೇಳಿಕೆಯಿಂದ. 2022ರಲ್ಲಿ ಹಾರ್ವರ್ಡ್ ಅಂಗಳದಲ್ಲಿ ಉಕ್ರೇನ್ ಧ್ವಜ ಹಾರಿತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ, ಅಂದು ಇದ್ದ ದನಿ ಇಂದೇಕಿಲ್ಲ ಎಂದು ಟೀಕಾಕಾರರು ಕೇಳಿದರು. ಒಮ್ಮೆ ಬಾಯಿ ತೆರೆದವರ ಮೌನಕ್ಕೂ ಅರ್ಥ ಹಚ್ಚುತ್ತಾರೆ. 2024ರ ಮೇನಲ್ಲಿ ಹಾರ್ವರ್ಡ್, ತನ್ನ ಮೂಲ ಕೆಲಸಕ್ಕೆ ಸಂಬಂಧಿಸದ ವಿಷಯಗಳಲ್ಲಿ ಅಧಿಕೃತ ಹೇಳಿಕೆ ಕೊಡುವುದಿಲ್ಲವೆಂದು ತೀರ್ಮಾನಿಸಿತು.

ಹಾಗಾದರೆ ನೈತಿಕ ನಾಯಕತ್ವಕ್ಕೆ ಜಾಗವೆಲ್ಲಿ? 1952ರಿಂದ 1987ರವರೆಗೆ ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯ ನಾಟರ್ ಡೇಮ್ ಮುನ್ನಡೆಸಿದ ಪಾದ್ರಿ ಥಿಯೊಡೋರ್ ಹೆಸ್ಬರ್ಗ್ 1957ರಿಂದ ಅಲ್ಲಿನ ಸರ್ಕಾರದ ನಾಗರಿಕ ಹಕ್ಕುಗಳ ಆಯೋಗದಲ್ಲಿದ್ದರು. 1964ರಲ್ಲಿ ಶಿಕಾಗೊದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೈಹಿಡಿದು ನಿಂತರು. ಅದು ಅವರದೇ ಮಾತು, ಲೆಟರ್‌ಹೆಡ್‌ನದಲ್ಲ. ಆದರೆ ಆ ಹುದ್ದೆಯಲ್ಲಿರುವವರ ಸ್ವಂತ ಮಾತನ್ನೂ ಜನ ಸಂಸ್ಥೆಯ ಮಾತೆಂದೇ ಕೇಳುತ್ತಾರೆ. ತೊಡಕಿರುವುದು ಇಲ್ಲೇ.

ತಾಟಸ್ಥ್ಯವೆಂದರೆ ಹೆದರಿಕೆಯಲ್ಲ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ನೇಮಕಾತಿ, ಪ್ರವೇಶಗಳಲ್ಲಿ ಕೈಹಾಕಲು ಬಂದಾಗ, ವರ್ಷದ ಹಿಂದಷ್ಟೇ ಮೌನದ ನಿಯಮ ಮಾಡಿಕೊಂಡಿದ್ದ ಹಾರ್ವರ್ಡ್‌ನ ಅಧ್ಯಕ್ಷ ಅಲನ್ ಗಾರ್ಬರ್ ಬಹಿರಂಗ ಪತ್ರದಲ್ಲಿ ಒಪ್ಪುವುದಿಲ್ಲವೆಂದರು. ಅದೇ ದಿನ ಸುಮಾರು 220 ಕೋಟಿ ಡಾಲರ್ ಅನುದಾನಕ್ಕೆ ತಡೆ ಬಿತ್ತು.