ಬ್ರೇಕ್ ಹಿಡಿದಿರುವುದು ಎಣ್ಣೆಯೋ, ತುಕ್ಕೋ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ 2004ರ ಒಂದು ಸಣ್ಣ ಪೆಟ್ರೋಲ್ ಕಾರಿದೆ. ಮುಂದಿನ ಗಾಲಿಗೆ ಎಂಜಿನ್ನಿನ ಎಳೆತ, ಮುಂದೆ ಡಿಸ್ಕ್, ಹಿಂದೆ ಡ್ರಮ್, ಹನ್ನೆರಡು ಇಂಚಿನ ರಿಮ್. ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಗಾಡಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ 17ಕ್ಕೆ ಇಳಿಯಿತು. "ಬಂಕಿನಲ್ಲೇ ಕಡಿಮೆ ಹಾಕ್ತಾರೆ ಮಾರಾಯ" ಅಂದರು ಅಪ್ಪ. ನಾನು ಪ್ಲಗ್ ಬಿಚ್ಚಿ ನೋಡಿದೆ, ಏರ್ ಫಿಲ್ಟರ್ ಬದಲಿಸಿದೆ, ಟೈರಿಗೆ ಗಾಳಿ ತುಂಬಿಸಿದೆ. ತೊಂದರೆ ಸಿಕ್ಕಿದ್ದು ಮುಂದಿನ ಎಡಗಾಲಿಯ ಬ್ರೇಕಿನಲ್ಲಿ, ಅದೂ ತಿಂಗಳು ಕಳೆದ ಮೇಲೆ. ಐಟಿಐಯಲ್ಲಿ ಬ್ರೇಕ್ ಪಾಠ ಓದಿದ್ದೆ, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು. ಆದರೆ ನಾವು ಬಾಯಿಪಾಠ ಮಾಡುವುದೆಲ್ಲ ಬ್ರೇಕ್ ಹಿಡಿಯದಿದ್ದರೆ ಏನು ಕಾರಣ ಎಂದು. ಹಿಡಿದದ್ದು ಬಿಡದಿದ್ದರೆ ಏನು ಎಂಬ ಭಾಗವನ್ನು ಪುಟ ತಿರುಗಿಸಿ ಮುಂದೆ ಹೋಗಿರುತ್ತೇವೆ. ಈ ಟಿಪ್ಪಣಿ ಆ ಭಾಗದ ಬಗ್ಗೆ.

ಡಿಸ್ಕ್ ಬ್ರೇಕ್ ಬಿಡುವುದು ಹೇಗೆ

ಡ್ರಮ್ಮಿನಲ್ಲಿ ಶೂಗಳನ್ನು (ಡ್ರಮ್ಮಿನ ಒಳಮೈಗೆ ಒತ್ತುವ ಬಾಗಿದ ಪಟ್ಟಿಗಳು) ವಾಪಸ್ ಎಳೆಯಲು ಸ್ಪ್ರಿಂಗ್ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಡಿಸ್ಕಿನ ಎರಡೂ ಬದಿಗೆ ಪ್ಯಾಡ್ ಒತ್ತುವ ಭಾಗ ಕ್ಯಾಲಿಪರ್, ಅದರಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇಲ್ಲ. ಆ ಕೆಲಸ ಮಾಡುವುದು ಪಿಸ್ಟನ್ ಸುತ್ತ ಕೂತಿರುವ ಚೌಕ ಅಂಚಿನ ರಬ್ಬರ್ ಸೀಲ್. ಹಾಸಿದ ಕಂಬಳಿಯ ಮೇಲೆ ಅಂಗೈ ಒತ್ತಿ ಕೂದಲೆಳೆಯಷ್ಟು ಮುಂದೆ ತಳ್ಳಿ ನೋಡಿ. ಕಂಬಳಿ ಜಾರುವುದಿಲ್ಲ, ಬಾಗುತ್ತದೆ. ಬಲ ತೆಗೆದರೆ ಕೈಯನ್ನೂ ಕರೆದುಕೊಂಡು ಹಿಂದೆ ಬರುತ್ತದೆ. ಸೀಲ್ ಮಾಡುವುದು ಅಷ್ಟೇ. ಪೆಡಲ್ ಒತ್ತಿದಾಗ ಪಿಸ್ಟನ್ ಜೊತೆ ಬಾಗುತ್ತದೆ, ಪೆಡಲ್ ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಮಿಲಿಮೀಟರಿನ ಒಂದೆರಡು ದಶಾಂಶದಷ್ಟು ಹಿಂದೆ ತರುತ್ತದೆ. ತಿರುಗುವ ಡಿಸ್ಕಿನ ಸಣ್ಣ ಓಲಾಟ ಪ್ಯಾಡನ್ನು ಉಳಿದಷ್ಟು ದೂರ ತಳ್ಳುತ್ತದೆ.

ಇಷ್ಟು ಕಡಿಮೆ ಅಂತರದಲ್ಲಿ ನಡೆಯುವ ಕೆಲಸಕ್ಕೆ ಅಡ್ಡಿಯಾಗಲು ಚಿಟಿಕೆ ತುಕ್ಕು ಸಾಕು. ಮಲೆನಾಡಿನಲ್ಲಿ ಅದಕ್ಕೆ ಬರವೇ? ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಬ್ಬಿಣದ ಮಾತೇನು. ಬೇಸಿಗೆಯಲ್ಲಿ ಮಣ್ಣು ರಸ್ತೆಯ ಕೆಂಪು ಧೂಳು ಸಂದಿಗೆ ಹೋಗಿ ಕೂರುತ್ತದೆ, ಮಳೆಗೆ ಅದೇ ಕೆಸರಾಗಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲಾಗಿ ಇಂಥ ಕಾರುಗಳು ವಾರಕ್ಕೊಮ್ಮೆ ಪೇಟೆಗೆ ಹೋಗಿಬಂದರೆ ಹೆಚ್ಚು.

ಕಿಲೋದಲ್ಲೇ ಲೆಕ್ಕ

ಬಿಡದ ಬ್ರೇಕಿನ ಎಳೆತ ಎಷ್ಟಿದೆ ಎಂದು ಅಳೆಯಲು ದೊಡ್ಡ ಉಪಕರಣ ಬೇಡ. ಅಡಿಕೆ ಮೂಟೆಗೆ ಕೊಕ್ಕೆ ಹಾಕಿ ತೂಗುವ ಸ್ಪ್ರಿಂಗ್ ತಕ್ಕಡಿಯ ಚಿಕ್ಕ ತಮ್ಮ, ಹತ್ತು ಕಿಲೋದ್ದು, ಸಾಕು. ಗಾಲಿಯನ್ನು ಜಾಕಿಯಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಬ್ರೇಕ್ ಎರಡು ಮೂರು ಸಲ ಗಟ್ಟಿಯಾಗಿ ಒತ್ತಿ ಬಿಡಿ. ಟೈರಿನ ಮೈಮೇಲೆ ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಗೆ ತಕ್ಕಡಿ ಸಿಕ್ಕಿಸಿ ಒಂದೇ ವೇಗದಲ್ಲಿ ಎಳೆಯಿರಿ. ಮೊದಲ ಎಳೆತಕ್ಕೆ ಮುಳ್ಳು ಜಿಗಿಯುತ್ತದೆ, ಅದನ್ನು ಬಿಟ್ಟು ಗಾಲಿ ತಿರುಗುತ್ತಿರುವಾಗಿನ ಅಂಕಿ ಬರೆದುಕೊಳ್ಳಿ. ಹಗ್ಗ ಟೈರಿನ ಹೊರಮೈ ಮೇಲೆ ಇರುವುದರಿಂದ ತ್ರಿಜ್ಯ, ಟಾರ್ಕ್ ಎಂದು ಗುಣಿಸುವ ಗೋಜಿಲ್ಲ. ತಕ್ಕಡಿ ತೋರಿಸಿದಷ್ಟೇ ಬಲ ರಸ್ತೆಯಲ್ಲಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ.

ಇಲ್ಲಿ ನಾನು ಮೊದಲು ಎಡವಿದೆ. ಮುಂದಿನ ಗಾಲಿ ತಿರುಗಿಸಿದರೆ ಅದರ ಜೊತೆ ಡ್ರೈವ್ ಶಾಫ್ಟ್, ಡಿಫರೆನ್ಷಿಯಲ್, ಗೇರ್ ಎಣ್ಣೆ ಎಲ್ಲವೂ ತಿರುಗುತ್ತವೆ. ಹಿಂದಿನ ಗಾಲಿಗೆ ಆ ಹೊರೆಯಿಲ್ಲ. ಹಿಂದಿನದು ಹಗುರ, ಮುಂದಿನದು ಬಿಗಿ ಎಂದು ನೋಡಿ ಎರಡೂ ಮುಂದಿನ ಬ್ರೇಕ್ ಕೆಟ್ಟಿವೆ ಎಂದುಕೊಂಡಿದ್ದೆ. ಹೋಲಿಸಬೇಕಾದ್ದು ಎಡಕ್ಕೆ ಬಲ. ಬ್ರೇಕಿನ ಪಾಲು ಮಾತ್ರ ಬೇಕೆಂದರೆ ಪ್ಯಾಡ್ ತೆಗೆದು ಇನ್ನೊಮ್ಮೆ ಅಳೆದು ಕಳೆಯಬೇಕು.

ನಮ್ಮ ಕಾರಿನಲ್ಲಿ ಎಡಗಾಲಿ 4.6 ಕಿಲೋ, ಪ್ಯಾಡ್ ತೆಗೆದಾಗ 1 ಕಿಲೋ. ಅಂದರೆ ಬ್ರೇಕಿನದ್ದು 3.6. ಬಲಗಡೆ ಬ್ರೇಕಿನ ಪಾಲು 0.7 ಮಾತ್ರ. ಹೆಚ್ಚಾಗಿ ಎಳೆಯುತ್ತಿದ್ದದ್ದು ಸುಮಾರು 3 ಕಿಲೋ.

ಮೂರು ಕಿಲೋ ಕೇಳಿದರೆ ನಗು ಬರಬಹುದು. ಇಬ್ಬರು ಕೂತ ಈ ಕಾರಿನ ತೂಕ ಸುಮಾರು 780 ಕಿಲೋ. ಟಾರು ರಸ್ತೆಯಲ್ಲಿ ಟೈರ್ ಉರುಳಲು ತೂಕದ ನೂರಕ್ಕೆ ಒಂದೂಕಾಲು ಪಾಲಿನಷ್ಟು ಬಲ ಹಿಡಿಯೋಣ, ಹತ್ತು ಕಿಲೋ ಆಯಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಯ ತಡೆಯೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತರ ಮೇಲೆ ಮೂರು. ಇನ್ನೊಂದು ರೀತಿ ನೋಡಿ: 3 ಕಿಲೋ ಅಂದರೆ 29.4 ನ್ಯೂಟನ್, 60ರ ವೇಗದಲ್ಲಿ ಸೆಕೆಂಡಿಗೆ 16.7 ಮೀಟರ್, ಗುಣಿಸಿದರೆ 490 ವ್ಯಾಟ್. ಒಂದು ಸಣ್ಣ ಇಸ್ತ್ರಿ ಪೆಟ್ಟಿಗೆಯನ್ನು ಡಿಸ್ಕಿಗೆ ಅಂಟಿಸಿ ಊರೆಲ್ಲ ಸುತ್ತಿದ ಹಾಗೆ.

ಪೆಟ್ರೋಲಿಗೆ ತಂದರೆ, ನೂರು ಕಿ.ಮೀ.ಗೆ 2.94 ಮೆಗಾಜೂಲ್ ವ್ಯರ್ಥ. ಎಂಜಿನ್ ಪೆಟ್ರೋಲಿನ ಕಾಲು ಭಾಗ ಶಕ್ತಿಯನ್ನು ಗಾಲಿಗೆ ತಲುಪಿಸುತ್ತದೆ ಎಂದು ಹಿಡಿದರೆ 11.8 ಮೆಗಾಜೂಲಿನಷ್ಟು ಪೆಟ್ರೋಲ್ ಬೇಕು. ಲೀಟರಿಗೆ ಸುಮಾರು 33 ಮೆಗಾಜೂಲ್ ಲೆಕ್ಕದಲ್ಲಿ ಅದು 0.36 ಲೀಟರ್. 18 ಕೊಡುವ ಗಾಡಿ ನೂರು ಕಿ.ಮೀ.ಗೆ 5.55 ಲೀಟರ್ ಕುಡಿಯುತ್ತದೆ, ಈಗ 5.91. ಭಾಗಿಸಿದರೆ 16.9. ಬಂಕಿನವರು ಪಾಪ.

ಆದರೆ ಇದು ಸಮತಟ್ಟು ರಸ್ತೆಯ ಲೆಕ್ಕ. ಘಾಟಿ ಇಳಿಯುವಾಗ ಹೇಗೂ ಬ್ರೇಕ್ ಒತ್ತುತ್ತೇವೆ, ಅಲ್ಲಿ ಅಂಟಿದ ಪ್ಯಾಡ್ ಪೆಟ್ರೋಲ್ ತಿನ್ನುವುದಿಲ್ಲ. ನಮ್ಮ ಕಡೆ ಇದು ಬೇಗ ಗೊತ್ತಾಗದಿರುವುದಕ್ಕೆ ಕಾರಣವೂ ಏರಿಳಿತವೇ. ಹದಿನೈದಕ್ಕೆ ಒಂದರ ಏರಿನಲ್ಲಿ ಈ ಕಾರಿಗೆ ಗುರುತ್ವವೊಂದೇ 52 ಕಿಲೋ ಹಿಂದಕ್ಕೆ ಎಳೆಯುತ್ತದೆ. ಅದರ ನಡುವೆ ಮೂರು ಕಿಲೋ ಯಾರ ಕಾಲಿಗೆ ತಿಳಿದೀತು? ಬಯಲುಸೀಮೆಯವರಾದರೆ ಆಕ್ಸಲರೇಟರ್ ಬಿಟ್ಟ ಕೂಡಲೇ ಗಾಡಿ ಓಡುವುದಿಲ್ಲ ಎಂದು ಗುರುತಿಸಿಬಿಡುತ್ತಿದ್ದರು.

ನಿಪ್ಪಲ್ ಪರೀಕ್ಷೆ

ಗಾಲಿ ಬಿಗಿ ಇದೆ ಎಂದು ಗೊತ್ತಾದ ಕೂಡಲೇ ಹೆಚ್ಚಿನವರು ಹೊಸ ಪ್ಯಾಡ್ ತರುತ್ತಾರೆ. ದಪ್ಪ ಪ್ಯಾಡ್ ಹಾಕಿದರೆ ಎಳೆತ ಇನ್ನೂ ಜಾಸ್ತಿಯಾದರೂ ಆಶ್ಚರ್ಯವಿಲ್ಲ. ಶಿವಮೊಗ್ಗದಲ್ಲಿ ನಾನು ಕೆಲಸ ಕಲಿತ ಗ್ಯಾರೇಜಿನ ಮೇಸ್ತ್ರಿ ಹೇಳುತ್ತಿದ್ದದ್ದು, "ಮೊದಲು ನಿಪ್ಪಲ್ ಬಿಡಿಸಿ ನೋಡಪ್ಪ, ಆಮೇಲೆ ಕ್ಯಾಲಿಪರಿಗೆ ಬಯ್ಯಿ." ಆಗ ಅದು ತಮಾಷೆ ಅನ್ನಿಸಿತ್ತು. ಈಗ ನನಗೆ ಇಡೀ ಪಾಠ ಅದರಲ್ಲೇ ಇದೆ ಅನ್ನಿಸುತ್ತದೆ.

ಬಿಗಿಯಾದ ಗಾಲಿಯನ್ನು ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಬ್ಲೀಡರ್ ನಿಪ್ಪಲನ್ನು (ಕ್ಯಾಲಿಪರಿನಿಂದ ಬ್ರೇಕ್ ಎಣ್ಣೆ, ಗಾಳಿ ಹೊರಬಿಡುವ ತಿರುಪು) ಅರ್ಧ ಸುತ್ತು ಸಡಿಲಿಸಿ. ಎಣ್ಣೆ ಚಿಮ್ಮಿ ಗಾಲಿ ಹಗುರಾಯಿತೇ? ಹಾಗಾದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು, ಕ್ಯಾಲಿಪರಿನ ತಪ್ಪಲ್ಲ. ಗಾಲಿ ಹಾಗೇ ಬಿಗಿ ಇದೆಯೇ? ಹಿಡಿದಿರುವುದು ತುಕ್ಕು. ಪಿಸ್ಟನ್, ಪಿನ್, ಪ್ಯಾಡ್ ಇವುಗಳಲ್ಲಿ ಯಾವುದೋ ಒಂದು ಕಚ್ಚಿಕೊಂಡಿದೆ.

ಎಣ್ಣೆ ಎಂದಾದರೆ ಹಿಂದಕ್ಕೆ ಹೋಗುತ್ತಾ ಹುಡುಕಬೇಕು. ನಿಪ್ಪಲ್ ಮುಚ್ಚಿ, ಮತ್ತೆ ಬ್ರೇಕ್ ಒತ್ತಿ ಬಿಟ್ಟು, ಈ ಸಲ ರಬ್ಬರ್ ಹೋಸಿನ ಮೇಲ್ಗಡೆ, ಲೋಹದ ಪೈಪ್ ಬಂದು ಸೇರುವ ಜಾಗದ ನಟ್ ಸಡಿಲಿಸಿ. ಅಲ್ಲಿ ಬಿಡಿಸಿದರೂ ಗಾಲಿ ಬಿಗಿಯೇ ಇದ್ದರೆ ಕಳ್ಳ ಹೋಸ್. ಹಳೆಯ ಹೋಸಿನ ಒಳಪದರ ಎದ್ದು ಕವಾಟದ ಹಾಗೆ ವರ್ತಿಸುತ್ತದೆ: ಪೆಡಲಿನ ಜೋರು ಒತ್ತಡಕ್ಕೆ ದಾರಿ ಬಿಡುತ್ತದೆ, ವಾಪಸ್ ಬರುವ ಬಡ ಒತ್ತಡಕ್ಕೆ ಬಾಗಿಲು ಹಾಕುತ್ತದೆ. ಹೋಸನ್ನು ಹಿಡಿದಿರುವ ಕ್ಲ್ಯಾಂಪ್ ಒಳಗೆ ತುಕ್ಕು ಉಬ್ಬಿ ಹೋಸಿನ ಕತ್ತು ಹಿಸುಕುವುದೂ ಉಂಟು. ಹೊರಗಿನಿಂದ ಎಲ್ಲ ಚೆಂದವೇ ಕಾಣುತ್ತದೆ.

ಮೇಲಿನ ನಟ್ ಬಿಟ್ಟಾಗಲೇ ಗಾಲಿ ಹಗುರಾದರೆ ಒತ್ತಡ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಎಣ್ಣೆಯನ್ನು ತಳ್ಳುವ ಭಾಗ) ಬರುತ್ತಿದೆ. ಮಾಸ್ಟರ್ ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ಬ್ರೇಕ್ ಎಣ್ಣೆಯ ಟ್ಯಾಂಕಿಗೆ ಹೋಗುವ ಸಣ್ಣ ರಂಧ್ರ ತೆರೆಯುತ್ತದೆ. ಪೆಡಲಿಗೆ ಫ್ರೀ ಪ್ಲೇ (ಮೊದಲ ಸಡಿಲ ಚಲನೆ) ಇಲ್ಲದಂತೆ ಯಾರಾದರೂ ಪುಶ್ ರಾಡ್ (ಪೆಡಲಿನಿಂದ ಮಾಸ್ಟರ್ ಪಿಸ್ಟನ್ನಿಗೆ ಹೋಗುವ ಸರಳು) ಬಿಗಿ ಮಾಡಿದ್ದರೆ ಆ ರಂಧ್ರ ಮುಚ್ಚಿಯೇ ಇರುತ್ತದೆ. ಆಗ ಬಿಸಿಗೆ ಹಿಗ್ಗಿದ ಎಣ್ಣೆಗೆ ಹೋಗಲು ಜಾಗವಿಲ್ಲ, ಹಿಗ್ಗಿ ಪ್ಯಾಡನ್ನು ಒತ್ತುತ್ತದೆ, ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಮನೆಯಿಂದ ಹೊರಡುವಾಗ ಸರಿಯಿದ್ದ ಗಾಡಿ ಹತ್ತು ಕಿ.ಮೀ. ಹೋಗಿ ಹಿಡಿದುಕೊಳ್ಳುವುದು, ರಸ್ತೆ ಬದಿ ನಿಲ್ಲಿಸಿ ಚಹಾ ಕುಡಿದು ಬಂದರೆ ಬಿಟ್ಟಿರುವುದು ಇದರ ಲಕ್ಷಣ. ಗ್ಯಾರೇಜಿಗೆ ತಂದು ಸಾಲಿನಲ್ಲಿ ನಿಲ್ಲಿಸಿ ತಣ್ಣಗಾದ ಮೇಲೆ ನೋಡಿದರೆ ಏನೂ ಸಿಗುವುದಿಲ್ಲ. ಬಿಸಿಯಿದ್ದಾಗಲೇ ಪರೀಕ್ಷಿಸಿ. ನಟ್ ಬಿಚ್ಚಿದ ಮೇಲೆ ಪೈಪಿನೊಳಗೆ ಸೇರಿದ ಗಾಳಿ (ಏರ್) ತೆಗೆಯುವುದು ಕಡ್ಡಾಯ, ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ನಮ್ಮ ಕಾರಿನಲ್ಲಿ ನಿಪ್ಪಲ್ ಬಿಟ್ಟರೂ ಗಾಲಿ ಕದಲಲಿಲ್ಲ. ತುಕ್ಕು.

ಕ್ಯಾಲಿಪರ್ ಜಾರುವ ಎರಡು ಪಿನ್‌ಗಳಲ್ಲಿ ಕೆಳಗಿನದರ ರಬ್ಬರ್ ಹರಿದು ನೀರು ಹೋಗಿತ್ತು, ತಿರುಗಿಸಿ ತಿರುಗಿಸಿ ಹೊರಗೆಳೆಯಬೇಕಾಯಿತು. ಪ್ಯಾಡಿನ ಎರಡು ಕಿವಿಗಳು ಕೂರುವ ಜಾಗದಲ್ಲೂ ತುಕ್ಕು ಪದರವಾಗಿ ಏರಿತ್ತು. ಪ್ಯಾಡನ್ನು ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಿದೆ. ಒಳಗಿನ ಮತ್ತು ಹೊರಗಿನ ಪ್ಯಾಡಿನ ದಪ್ಪ ಬೇರೆ ಬೇರೆ ಇತ್ತು. ಹಾಗಿದ್ದರೆ ಜಾರಬೇಕಾದ ಯಾವುದೋ ಭಾಗ ಜಾರುತ್ತಿಲ್ಲ ಎಂದರ್ಥ. ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ಪಿನ್ನಿಗೆ ಎಮರಿ ಪೇಪರ್ ಕೊಟ್ಟು, ಹೊಸ ರಬ್ಬರ್ ಹಾಕಿದೆ. ಪ್ಯಾಡಿನ ಕಿವಿ ಕೈಯಲ್ಲಿ ತಳ್ಳಿದರೆ ಸರಿಯುವಷ್ಟು ಸಡಿಲ ಇರಬೇಕು, ಅದಕ್ಕಿಂತ ಹೆಚ್ಚು ಅರ ಹಾಕಬೇಡಿ, ಕಟಕಟ ಸದ್ದು ಬರುತ್ತದೆ.

ಗ್ರೀಸ್ ವಿಷಯದಲ್ಲಿ ಕೈ ತಡೆಯಿರಿ. ಬೇರಿಂಗಿಗೆ ಹಾಕುವ ಗ್ರೀಸ್ ಪೆಟ್ರೋಲಿಯಂನಿಂದ ಆದದ್ದು, ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ. ಇಂದು ಸಲೀಸಾಗಿ ಜಾರುವ ಪಿನ್ ಎರಡು ತಿಂಗಳಲ್ಲಿ ಮೊದಲಿಗಿಂತ ಗಟ್ಟಿಯಾಗಿ ಕಚ್ಚುತ್ತದೆ. ಪಿನ್ನಿಗೆ ಸಿಲಿಕೋನ್ ಗ್ರೀಸ್ ಬೇಕು. ಸೀಲನ್ನು ಪೆಟ್ರೋಲ್, ಡೀಸೆಲಿನಲ್ಲಿ ತೊಳೆಯುವ ಅಭ್ಯಾಸವೂ ಇದೇ ಜಾತಿಯ ತಪ್ಪು. ಹೊಸ ಬ್ರೇಕ್ ಆಯಿಲ್ ಅಥವಾ ಬ್ರೇಕ್ ಕ್ಲೀನರ್ ಬಳಸಿ. ಧೂಳನ್ನು ಗಾಳಿ ಪೈಪಿನಿಂದ ಊದಬೇಡಿ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಮೈಲೇಜ್ ಆಸೆಗೆ ಪಿಸ್ಟನ್ನನ್ನು ಬೇಕೆಂದೇ ಹಿಂದೆ ತಳ್ಳಿ ಅಂತರ ಬಿಡುವವರನ್ನೂ ನೋಡಿದ್ದೇನೆ. ಮೊದಲ ಬ್ರೇಕಿಗೆ ಪೆಡಲ್ ನೆಲ ಮುಟ್ಟುತ್ತದೆ, ಎರಡು ಮೂರು ಸಲ ಒತ್ತಿದರೆ ಪಿಸ್ಟನ್ ಮತ್ತೆ ಹಳೇ ಜಾಗಕ್ಕೆ. ಲಾಭ ಸೊನ್ನೆ, ಆ ಮೊದಲ ಬ್ರೇಕ್ ಆಗುಂಬೆಯ ತಿರುವಿನಲ್ಲಿ ಬಂದರೆ ದೇವರೇ ಗತಿ. ಪ್ಯಾಡ್ ಡಿಸ್ಕಿಗೆ ಹಗುರವಾಗಿ ಸವರುವ ಸದ್ದು ಇರಲಿ.

ಹಿಂದಿನ ಡ್ರಮ್ ಬಗ್ಗೆ ಹೆಚ್ಚೇನಿಲ್ಲ. ಗಾಲಿ ಬಿಗಿ ಇದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ಲಿನ ಅಡ್ಜಸ್ಟ್ ನಟ್ ಪೂರ್ತಿ ಸಡಿಲಿಸಿ. ಹಗುರಾದರೆ ಕೇಬಲ್, ಆಗದಿದ್ದರೆ ಡ್ರಮ್ ಬಿಚ್ಚಿ ಶೂ ಅಡ್ಜಸ್ಟರ್, ಸ್ಪ್ರಿಂಗ್, ವೀಲ್ ಸಿಲಿಂಡರ್ ನೋಡಿ. ಮುಂದಿನ ಎಡ ಮತ್ತು ಹಿಂದಿನ ಬಲ ಒಟ್ಟಿಗೇ ಹಿಡಿದಿದ್ದರೆ ಮಾತ್ರ ಮತ್ತೆ ಮಾಸ್ಟರ್ ಸಿಲಿಂಡರಿನ ಕಡೆ ತಿರುಗಿ, ಇಂಥ ಕಾರುಗಳಲ್ಲಿ ಬ್ರೇಕ್ ಲೈನ್ ಅಡ್ಡಮೂಲೆಯಲ್ಲಿ ಜೋಡಿಸಿರುವುದು ಸಾಮಾನ್ಯ.

ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದ ಸ್ಥಿತಿಗೆ ಅದೇ ಮಿತಿ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಒಳಗೆ ಸೇರಿದ ನೀರೇ ಪಿಸ್ಟನ್ನಿಗೂ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ನಮ್ಮ ಹವೆಗೆ ಅದನ್ನು ಮುಂದೂಡುವುದು ಬೇಡ.

ಎಲ್ಲ ಮುಗಿಸಿ ಮತ್ತೆ ತಕ್ಕಡಿ ಹಾಕಿದಾಗ ಎಡಗಾಲಿ 1.6 ಕಿಲೋ ತೋರಿಸಿತು, ಬ್ರೇಕಿನ ಪಾಲು 0.6. ಮೂರು ಸಲ ಟ್ಯಾಂಕ್ ತುಂಬಿಸಿ ನೋಡಿದ ಸರಾಸರಿ 17.8. ಮಳೆಗಾಲದಲ್ಲಿ ಈಗ ಕೊಟ್ಟಿಗೆಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸುವುದಿಲ್ಲ. ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಒಂದನೇ ಗೇರಿಗೆ ಹಾಕಿ ಹಿಂದಿನ ಗಾಲಿಗೆ ಜಂಬಿಟ್ಟಿಗೆಯ ತುಂಡು ಕೊಡುತ್ತೇವೆ. ಹೊರಡುವಾಗ ಅದನ್ನು ತೆಗೆಯಲು ಅಪ್ಪ ಎರಡು ಸಲ ಮರೆತಿದ್ದಾರೆ.